ಳ ಅಕ್ಷರದ ಪುಟ

ಬಹ್ರೇನಿನ ಹಿದ್ದ್‌ನಲ್ಲಿ ನಮ್ಮ ದಸ್ತಾವೇಜು ಕೋಣೆಗೆ ಕಿಟಕಿಯಿಲ್ಲ.
ಕಡಲು ಇರುವುದು ಗೋಡೆಯಾಚೆ; ಪಂಪಿನ ನಡುಕವಾಗಿ
ನನ್ನ ಚಹಾದ ಲೋಟದೊಳಗೆ ಬಳೆಬಳೆಯಾಗಿ ಬರುತ್ತದೆ.
ಕಡಲನ್ನು ಕುಡಿಯುವ ನೀರು ಮಾಡುವವರಿಗೊಂದು ಕೈಪಿಡಿ.
ಹಿಂದಿ, ಮಲಯಾಳ, ಬಂಗಾಳಿ ಆಗಿಹೋಗಿದೆ.
ಕನ್ನಡಕ್ಕೆ ನಾನು.
ಕೊನೆಯ ಹನ್ನೆರಡು ಪುಟ, ಪದಕೋಶ.

ಸುಲಭವೆಂದುಕೊಂಡಿದ್ದೆ.
"ವಾಲ್ವ್: ವಾಲ್ವಿನ ಕೆಲಸ ಮಾಡುವ ಭಾಗ"
ಎಂದು ಮೊದಲ ದಿನ ನಾನೇ ಬರೆದೆ, ನಾನೇ ನಕ್ಕೆ.
ಆಮೇಲೆ "ಬ್ರೈನ್: ಕಾನ್ಸಂಟ್ರೇಟ್ ನೋಡಿ."
"ಕಾನ್ಸಂಟ್ರೇಟ್: ಬ್ರೈನ್ ನೋಡಿ."
ಓದುವವನು ಗಾಣದ ಎತ್ತು.
ಅದೂ ರಾತ್ರಿಪಾಳಿಯಲ್ಲಿ, ಒಂದು ಕೈಯಲ್ಲಿ ಸ್ಪ್ಯಾನರು,
ಇನ್ನೊಂದರಲ್ಲಿ ಟಾರ್ಚು,
ಪುಸ್ತಕವನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು ಅವನು.

"ಡೆಡ್ ಲೆಗ್" ಎಂಬುದನ್ನು ಮುಖ್ಯ ಕಚೇರಿಯ ಯಂತ್ರ
"ಸತ್ತ ಕಾಲು" ಎಂದು ಕಳಿಸಿತ್ತು.
ಫಿಟ್ಟರ್ ಮೌನೇಶನಿಗೆ ಓದಲು ಕೊಟ್ಟೆ.
ಸುರಪುರದ ಕಡೆಯವನು; ಓದಿ, ಬಗ್ಗಿ,
ತನ್ನ ಮೊಣಕಾಲು ತಿಕ್ಕಿಕೊಂಡ.
"ನಂದಲ್ಲ ಬಿಡ್ರಿ, ಇನ್ನಾ ಜೀವ ಅದ."
ತಿದ್ದಿದೆ: ಒಂದು ಬಾಯಿ ಮುಚ್ಚಿದ ಪೈಪಿನ ತುಂಡು.
ಇದರಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ.
ನಿಂತ ನೀರು ಒಳಗಿಂದ ಪೈಪನ್ನು ತಿನ್ನುತ್ತದೆ.
ಮೊದಲು ಏನು ಎಂಬುದು, ಆಮೇಲೆ ಹೇಗೆ,
ಕೊನೆಗೆ ಯಾಕೆ ಹೆದರಬೇಕು.
ನಾಲ್ಕನೇ ವಾಕ್ಯ ಬಂದರೆ ಅದು ನನ್ನ ಜಂಬ.

"ಫ್ರೆಶ್ ವಾಟರ್" ಬಳಿ ಎರಡು ದಿನ ಕುಳಿತೆ.
ತಾಜಾ ನೀರು? ಇದೇನು ಮೀನೇ.
ಶುದ್ಧ ನೀರು? ಅದು ಮುಂದಿನ ಟ್ಯಾಂಕು, ಬೇರೆ ಲೆಕ್ಕ.
ಉಗ್ರಾಣದ ಮುದುಕ ಖಲಫ್ ನಟ್ಟು ಎಣಿಸುತ್ತ ಹೇಳಿದ:
ಅವನಜ್ಜ ಮುತ್ತಿನ ದೋಣಿಯಿಂದ
ಆಡಿನ ಚರ್ಮದ ಚೀಲ ಹಿಡಿದು ಮುಳುಗುತ್ತಿದ್ದನಂತೆ,
ಉಪ್ಪು ಕಡಲ ತಳದಲ್ಲೇ ಚಿಮ್ಮುವ ಒರತೆಗೆ
ಚೀಲದ ಬಾಯಿ ಒಡ್ಡಿ, ಉಸಿರು ಮುಗಿಯುವ ಮೊದಲು
ತುಂಬಿಸಿ ತರುತ್ತಿದ್ದನಂತೆ,
ಮಾಯ್ ಹೆಲು.
ಹೆಲು ಎಂದರೆ?
ಖಲಫ್ ಮಾತಾಡಲಿಲ್ಲ. ಡಬ್ಬಿಯಿಂದ ಒಂದು ಖರ್ಜೂರ ತೆಗೆದುಕೊಟ್ಟ.
ಸಿಹಿ!
ನಮ್ಮ ಬಾವಿಕಟ್ಟೆಯ ಮಾತು ಅವರ ದೋಣಿಯಲ್ಲೂ ಇತ್ತು.
ಬರೆದೆ, ಸಿಹಿನೀರು.
ಅರ್ಥ ಹೇಳುವ ಕೆಲಸವೇ ಉಳಿಯಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಕ್ಯಾವಿಟೇಶನ್‌ಗೆ ಬಂದೆ.
"ಹೀರುಬಾಯಿಯ ಒತ್ತಡವು ದ್ರವದ ಆವಿಯೊತ್ತಡಕ್ಕಿಂತ ಕುಸಿದಾಗ
ಉದ್ಭವಿಸುವ ಗುಳ್ಳೆಗಳು ಅಂತಃಸ್ಫೋಟಗೊಂಡು..."
ಒಂದಕ್ಷರ ತಪ್ಪಿಲ್ಲ.
ಕನ್ನಡ ಬಾರದ ಇಂಜಿನಿಯರ್ ಸಹಿ ಹಾಕಿದ.

ಇನ್ನು ಅಕಾರಾದಿ. ಹ ಮುಗಿದ ಮೇಲೆ ಳ ಇದೆಯಲ್ಲ,
ಅದರಿಂದ ಶುರುವಾಗುವ ಪದವೇ ನಮ್ಮಲ್ಲಿಲ್ಲ.
ಆದರೂ ತಲೆಬರಹ ಹಾಕಿದೆ.
ಇಡೀ ಸಾಲು ಒಳಗೆ ಬಂದ ಮೇಲೆ ಕೊನೆಯವಳನ್ನು
ಬಾಗಿಲಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ.
ಕೆಳಗೆ ಪೂರಾ ಪುಟ ಬಿಳಿ.

ಆರು ತಿಂಗಳಿಗೆ ಪಂಪ್‌ಹೌಸಿನಿಂದ ಒಂದು ಪ್ರತಿ ಮರಳಿ ಬಂತು,
ಗ್ರೀಸು ಮೆತ್ತಿ, ಬೆನ್ನು ಮುರಿದು.
ಳ ಪುಟ ತುಂಬಿಹೋಗಿತ್ತು.
ಯಾರದೋ ಪಾಳಿಯ ಅಂಕಿ,
ಯಾರೋ ಯಾರಿಗೋ ಕೊಡಬೇಕಾದ ನಾಲ್ಕು ದಿನಾರು ಐನೂರು ಫಿಲ್ಸ್,
ಲೋಟದ ತಳದ ದುಂಡು ಕಲೆ.
ಕಲೆಯೊಳಗೆ ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ:

"ಕ್ಯಾವಿಟೇಸನ್: ಪಂಪ್ ಕಲ್ಲ್ ಕಡದಂಗ ಸಪ್ಪಳ ಮಾಡ್ತದ.
ಒಳಗ ಕಲ್ಲ್ ಇರಂಗಿಲ್ಲ.
ಕೇಳ್ತಂದ್ರ ಮೊದಲ ಬಂದ್ ಮಾಡ್, ಆಮ್ಯಾಗ ಫೋನ್ ಮಾಡ್."

ಮೂರೇ ವಾಕ್ಯ. ಎಣಿಸಿದೆ.

ಎರಡನೇ ಮುದ್ರಣಕ್ಕೆ ನನ್ನದನ್ನು ಹೊಡೆದುಹಾಕಿದೆ.
ಅವನದನ್ನು ಕ ಅಕ್ಷರದಡಿ ಒಯ್ದು
ಸ ಇದ್ದದ್ದನ್ನು ಶ ಮಾಡಿ,
ಮತ್ತೆ ಸ ಮಾಡಿ,
ಬಿಟ್ಟೆ.
ಅಚ್ಚಿನವನು ಕೊನೆಯ ಪುಟ ತಿರುವಿ ಕೇಳಿದ:
ಇದೊಂದು ಖಾಲಿ, ಮರೆತು ಉಳಿದದ್ದೇ?
ಅಲ್ಲ, ಬೇಕು ಎಂದೆ.
ಆದರೆ ಎರಡು ಪುಟ ಮಾಡಿ.