ಇನ್ನೊಂದು ಕೈ

ಬೈಕಿಗೊಂದು, ಎಡಪೆಟ್ಟಿಗೆಗೊಂದು,
ಮೇಲಿನ ಡಬ್ಬಿಗೆ ತಲೆ ಮುರಿದದ್ದೊಂದು;
ಬಲದ್ದಕ್ಕೆ ಬೀಗದ ಕೈಯೇ ಇಲ್ಲ,
ಸ್ಕ್ರೂಡ್ರೈವರ್ ತುದಿ ತಿರುವಿದರೆ ಬಾಯಿ ಬಿಡುತ್ತದೆ,
ಅದೂ ಬಿಸಿಲು ಏರಿದ ಮೇಲೆ.

ಮಾರಿದಾತ ಕ್ವಾರ್ನ್ ಊರಿನ ರಾಸ್.
ಮಂಡಿ ಹೋಯಿತು, ಕ್ಯಾರವಾನ್ ಕೊಂಡೆ ಎಂದ.
ಒಂದೇ ಕಂಪನಿ, ಆದರೆ ಮೂರು ಮೂರು ಸಲ ಬಂದವು,
ಒಂದಕ್ಕೊಂದರ ಗುರುತಿಲ್ಲ, ಎಂದು
ಗೊಂಚಲನ್ನು ನನ್ನ ಅಂಗೈಗೆ ಸುರಿದ.

ಹೀಗಾಗಿ ಈ ಶನಿವಾರ, ಪೋರ್ಟ್ ಆಗಸ್ಟಾದ ಸೇತುವೆ ದಾಟಿ
ಟೈರಿನಂಗಡಿಯ ಬೆನ್ನಿಗೆ ಆತುಕೊಂಡ
ಕ್ಲೆಮ್ ಪಾಲ್ಟ್ರಿಜ್‌ನ ಗೂಡಿನಲ್ಲಿ ನಿಂತಿದ್ದೇನೆ,
ಬಿಚ್ಚಿ ತಂದ ಬೀಗಗಳನ್ನು ಟವೆಲಿನಲ್ಲಿ ಸುತ್ತಿಕೊಂಡು,
ಹುಷಾರಿಲ್ಲದ ಮರಿಗಳನ್ನು ತಂದವಳ ಹಾಗೆ.

'ಎಲ್ಲಕ್ಕೂ ಒಂದೇ ಬೇಕು' ಅಂದೆ.
'ಎಲ್ಲರಿಗೂ ಅದೇ ಬೇಕು' ಅಂದ.

ಬೀಗದ ಹೊಟ್ಟೆ ಬಿಚ್ಚಿ ಬಿಳಿ ತಟ್ಟೆಗೆ ತಟ್ಟಿದ.
ಮೊದಲು ಉದುರಿದ್ದು ಕೆಂಪು ಧೂಳು,
ರಾಸ್ ಹೋದ ಯಾವುದೋ ದಾರಿಯದು;
ಆಮೇಲೆ ಸಾಸಿವೆಯಷ್ಟು ಸ್ಪ್ರಿಂಗು,
ಆಮೇಲೆ ಹಿತ್ತಾಳೆ ಬಿಲ್ಲೆ, ಐದು,
ಹಾಲುಹಲ್ಲಿನಷ್ಟೂ ಇಲ್ಲ,
ಒಂದೊಂದರ ಮೇಲೂ ಒಂದೊಂದು ಅಂಕಿ.

ಬೈಕಿನ ಕೈಯನ್ನೇ ತೂರಿಸಿ ತೋರಿಸಿದ:
ಮೂರು ತಗ್ಗಿದವು, ಎರಡು ಮಾತ್ರ
ತಲೆ ಎತ್ತಿಕೊಂಡೇ ನಿಂತವು.
'ಇವೇ ತಂಟೆಕೋರರು. ಜಾಗ ಬದಲಿಸಿದರೆ ಸರಿಹೋಗ್ತವೆ.
ಹೋಗದಿದ್ದರೆ ಅರ ಉಜ್ಜೋದು.'

ನಮ್ಮ ಮಾತಿನಲ್ಲಿ ಬೀಗ ಅಂದರೆ ಇದೂ ಹೌದು,
ಮಗಳನ್ನು ಕೊಟ್ಟವನೂ ಹೌದು, ಸೊಸೆಯನ್ನು ತಂದವನೂ ಹೌದು.
ಹೇಳಲು ಬಾಯಿ ತೆರೆದು ಸುಮ್ಮನಾದೆ.
ಹೇಗೆ ಹೇಳಲಿ ಇವನಿಗೆ,
ಗುರುತಿಲ್ಲದ ಎರಡು ಮನೆಗಳ ಒಳಹಲ್ಲನ್ನು
ಚೂರು ಲೋಹಕ್ಕೆ ಹೊಂದಿಸಿ
ಇನ್ನು ನೀವು ಬೀಗರು ಅನ್ನುವುದನ್ನು?
ನನ್ನನ್ನೂ ಹಾಗೇ ಕೂಡಿಸಿದ್ದರು.
ಎರಡು ಬಿಲ್ಲೆ ತಲೆ ಎತ್ತಿಕೊಂಡೇ ಇದ್ದವು.
ಅರ ಉಜ್ಜಿದ್ದು ನನಗೇ.

ಬಲಪೆಟ್ಟಿಗೆಯ ಐದನೆಯದು ಯಾವ ಜಾಗಕ್ಕೂ ಒಗ್ಗಲಿಲ್ಲ.
ಕ್ಲೆಮ್ ಅದನ್ನು ಹೊರಗಿಟ್ಟು ಮುಚ್ಚಿದ.
'ನಾಲ್ಕು ಸಾಕು. ಬೀಗ ಬೀಳತ್ತೆ.
ಸ್ವಲ್ಪ ಬೇಗ ನಂಬತ್ತೆ, ಅಷ್ಟೆ.'

ಯಂತ್ರ ಕಿರುಚಿತು. ಹೊಸ ಕೈಯ ಬೆನ್ನಿಗೆ
ಫ್ಲಿಂಡರ್ಸ್ ಗುಡ್ಡದ ಅಂಚಿನ ಏರುತಗ್ಗು.
ದಿನಾ ಎಕ್ಸ್‌ರೇ ತೆಗೆಯುವವಳು ನಾನು,
ಬೆಳಕಿಗೆ ಹಿಡಿಯದೆ ಇರಲಾಗಲಿಲ್ಲ.

'ಎಷ್ಟು ಮಾಡಲಿ?'
'ಎರಡು.'
'ಒಂದು ನಿನ್ನ ಹತ್ತಿರ. ಇನ್ನೊಂದು?
ಪೆಟ್ಟಿಗೆಯೊಳಗೆ ಮಾತ್ರ ಇಡಬೇಡ.
ವರ್ಷಕ್ಕೆ ನಾಲ್ಕು ಜನ ಬರ್ತಾರೆ,
ಇನ್ನೊಂದು ಎಲ್ಲಿ ಅಂದರೆ
ಬೀಗ ಬಿದ್ದ ಡಬ್ಬಿಯನ್ನೇ ತೋರಿಸ್ತಾರೆ.'

ನಕ್ಕೆ. ಆಮೇಲೆ ನಿಜಕ್ಕೂ ಯೋಚಿಸಿದೆ.
ಬೆಕ್ಕಿಗೆ ಊಟ ಹಾಕುತ್ತಿದ್ದ ಐಲ್ಸ ಜೂನಿನಲ್ಲಿ ಮನೆ ಬಿಟ್ಟಳು.
ಆಸ್ಪತ್ರೆಯವರು ಆರು ತಿಂಗಳಿಗೊಮ್ಮೆ ಬದಲು.
ಅಡಿಲೇಡಿನಲ್ಲಿರುವವನು ಒಮ್ಮೆ ಕೈ ಕೊಟ್ಟವನು,
ಅವನಿಗೆ ನಾನು ಕೈ ಕೊಡುವುದೇ?
ಬೆಂಚಿನ ಮೇಲೆ ಆ ಹೆಚ್ಚಿನ ಬಿಲ್ಲೆ,
ಅದರ ಪಕ್ಕ ಹೆಚ್ಚಿನ ಕೈ.

ಕ್ಲೆಮ್ ಗೋಡೆಯ ಮೊಳೆಗಳನ್ನು ತೋರಿಸಿದ.
'ಬಾಡಿಗೆ ಇಲ್ಲ.'
'ಚರ್ಚಿನ ಹಿಂಬಾಗಿಲು' ಮತ್ತು 'ಹಾಲಿನ ಲಾರಿ' ನಡುವೆ
ಒಂದು ಖಾಲಿ. ವಾರಿಜ ಅಂತ ಹೇಳಿದೆ, ಎರಡು ಸಲ.
ಚೀಟಿಯಲ್ಲಿ ಬರೆದ: ಹಸಿರು ಬೈಕ್.

ಪಿಚಿ ರಿಚಿ ಕಣಿವೆಯಲ್ಲಿ ಗಾಡಿ ನಿಲ್ಲಿಸಿ
ಸುಮ್ಮನೆ ಎಡದ್ದು ತೆಗೆದೆ, ಮುಚ್ಚಿದೆ.
ಮೇಲಿನದು ತೆಗೆದೆ, ಮುಚ್ಚಿದೆ.
ಬಲದ್ದು, ನಾನು ಪೂರ್ತಿ ತಿರುಗಿಸುವ ಮೊದಲೇ
ತೆರೆದುಕೊಂಡಿತು:
ಮಳೆಯಂಗಿ, ಒಂದು ಕಿತ್ತಳೆ,
ಎಲ್ಲಿಂದ ಬಂತೋ, ರಾಸ್‌ನ ಒಂದು ಕೈಗವಸು.
ಹಾಕಿ ನೋಡಿದೆ. ದೊಡ್ಡದು.
ಕಿತ್ತಳೆ ಸುಲಿಯಲು ಮತ್ತೆ ತೆಗೆದೆ.