ಸೂರಿನ ಮೇಲೆ ಒಂಟಿ ಜೋಡು

ಗೋರಿಯೊಳಗೆ ತಂಪು. ಹೊರಗೆ ಕಿರ್‌ಶೆಹಿರಿನ ಬಿಸಿಲು
ಗೂಟಕ್ಕೆ ಬಿಗಿದ ಹಸಿ ತೊಗಲಿನ ಹಾಗೆ ಒಣಗುತ್ತಿದೆ.
ಬಾಗಿಲು ಕುಳ್ಳು. ಸುಲ್ತಾನನಾದರೂ ಬಗ್ಗಬೇಕು, ಅನ್ನುತ್ತಾರೆ.
ನಾನೇ ಕುಳ್ಳಿ. ಆದರೂ ಬಗ್ಗಿದೆ.

ಒಳಗೆ ಮಲಗಿದವನು ತೊಗಲು ಹದಮಾಡುತ್ತಿದ್ದವನು.
ತಲೆಮಾರುಗಟ್ಟಲೆ ಗುಲಾಬಿನೀರು ಚಿಮುಕಿಸಿದ್ದಾರೆ;
ನನ್ನ ಮೂಗಿಗೆ ಮಾತ್ರ ಈಗಲೂ ಸುಣ್ಣ, ಸುಮಾಕಿನ ಎಲೆ,
ಪಾರಿವಾಳದ ಹಿಕ್ಕೆ ಕಲಸಿದ ತೊಟ್ಟಿಯ ನಾತ.
ನನ್ನ ಕೈಯದೇ ಇರಬೇಕು.

ಉಸ್ತಾದ್ ಮುಹ್ಸಿನ್ ಉಣ್ಣೆಯ ಪಟ್ಟಿ ಬಿಚ್ಚಿದರು.
ಅವರ ಎರಡು ಬೆರಳಿಗೆ ಉಗುರಿಲ್ಲ.
ನನ್ನ ಸೊಂಟಕ್ಕೆ ಸುತ್ತಿ ಮೊದಲ ಗಂಟು:
ಕೈ ಹಿಡಿತದಲ್ಲಿರಲಿ.
ಎರಡನೆಯದು: ನಾಲಿಗೆ.
ಮೂರನೆಯದಕ್ಕೆ ಕೆಮ್ಮಿದರು, ಕಿವಿ ಕೆಂಪಾಯಿತು.
ಸೊಂಟದ ಮಾತು ಹುಡುಗಿಗೆ ಹೇಗೆ ಹೇಳುವುದು?
ಹಿರಿಯರ ಕಟ್ಟಳೆಯಲ್ಲಿ ಹುಡುಗಿಯೇ ಇಲ್ಲ.
ಗೋಡೆಯ ಕಡೆ ಮುಖ ತಿರುಗಿಸಿ, ಏನೂ ಅನ್ನದೆ ಕಟ್ಟಿಬಿಟ್ಟರು.
ಸಾಕ್ಷಿಗೆ ಬಂದ ತಾಮ್ರದ ಕೆಲಸದ ಶಾಬಾನ್ ಕಿಸಕ್ಕನೆ ನಕ್ಕ.

ಆಮೇಲೆ ಕಿವಿಯಲ್ಲಿ ಗುಟ್ಟು ಹೇಳಬೇಕು. ಅದು ಕ್ರಮ.
ಕಾದೆ: ಯಾವ ಪ್ರಾರ್ಥನೆಯೋ, ಯಾವ ಹದದ ಲೆಕ್ಕವೋ.
ಹೇಳಿದ್ದು ಇಷ್ಟು:

"ಆ ಚಳಿಗಾಲ ಅಟ್ಟೆಯೊಳಗೆ ರಟ್ಟು ಇಟ್ಟು ಹೊಲಿದೆ, ಸಫೀನಾಜ್.
ಮಗಳಿಗೆ ಜ್ವರ. ತೊಗಲಿಗೆ ಕಾಸಿರಲಿಲ್ಲ.
ಹಿಮ ಬಿತ್ತು. ಕೊಂಡವನು ಕುಂಟುತ್ತ ಬಂದ.
ಹಿರಿಯರು ಕೂತರು. ಬೈಯಲಿಲ್ಲ.
ಆ ಜೋಡನ್ನು ಎತ್ತಿ ನನ್ನ ಸೂರಿನ ಮೇಲೆ ಎಸೆದರು,
ಬೀದಿಯೆಲ್ಲ ನೋಡಲಿ ಅಂತ."

ನನಗೆ ಗೊತ್ತು ಆ ಜೋಡು.
ಆರು ವರ್ಷ ಅದರ ಕೆಳಗೇ ಕಸ ಗುಡಿಸಿದ್ದೇನೆ.
ಗಾಳಿಗೆ ಹಾರಿ ಹಂಚಿಗೆ ಸಿಕ್ಕಿಕೊಂಡದ್ದು ಅಂದುಕೊಂಡಿದ್ದೆ.
ಒಮ್ಮೆ ಕೋಲಿನಿಂದ ಕೆಡವಹೋದರೆ
ಮಣಿಕಟ್ಟು ಹಿಡಿದು ತಡೆದಿದ್ದರು:
"ಬೇಡ, ಗುಬ್ಬಿ ಮರಿ ಮಾಡಿದೆ."
ಗುಬ್ಬಿ ಇದ್ದದ್ದು ನಿಜ,
ಒಂದು ಬೇಸಗೆ.
ಮಿಕ್ಕ ವರ್ಷವೆಲ್ಲ ಬರೀ ಜೋಡು,
ಅದರ ಬಾಯೊಳಗೆ ಹಿಮ, ಆಮೇಲೆ ಧೂಳು, ಮತ್ತೆ ಹಿಮ.

ಹೊರಬಂದೆವು. ಕಣ್ಣು ಕುಕ್ಕಿತು.
ಶಾಬಾನ್ ಎಲ್ಲರಿಗೂ ಚಹಾ ಹೇಳಿದ,
ನನ್ನದಕ್ಕೆ ಎರಡು ಸಕ್ಕರೆ ಹೆಚ್ಚು.
ಉಸ್ತಾದ್ ಅಂಗಡಿಯ ಬೀಗದಕೈ ಕೊಟ್ಟರು.
ಏಣಿಯ ಮಾತು ಅವರು ಎತ್ತಲಿಲ್ಲ,
ನಾನೂ ಎತ್ತಲಿಲ್ಲ.

ಸಂಜೆ ಮೊದಲ ಅಟ್ಟೆ ಕತ್ತರಿಸಿದೆ.
ಬೆಳಕಿಗೆ ಹಿಡಿದೆ, ಬಗ್ಗಿಸಿದೆ, ಹಲ್ಲಿನಿಂದ ಕಚ್ಚಿ ನೋಡಿದೆ.
ಬಾಯಿ ತುಂಬ ಒಗರು.
ಮೂರನೆಯ ಗಂಟು ಆಗಲೇ ಸಡಿಲಿತ್ತು;
ನಾನೇ ಬಿಗಿದುಕೊಂಡೆ.