ದಿಂಬು

ಜೆಪ್ಪುವಿನ ಇಳಿಜಾರಿನಲ್ಲಿ, ಮುಚ್ಚಿದ ಹೆಂಚಿನ ಕಾರ್ಖಾನೆಯ ಗೋಡೆಗೆ
ತಾಗಿಕೊಂಡೇ ಉಂಟು ನನ್ನ ಅಂಗಡಿ.
ಬೋರ್ಡಿನಲ್ಲಿ ‘ಹಾಸಿಗೆ’ ಎಂಬುದಷ್ಟೇ ಉಳಿದಿದೆ,
ಮುಂದಿನ ಅಕ್ಷರಗಳನ್ನು ಮಳೆ ನೆಕ್ಕಿ ತೆಗೆದಿದೆ.
ಅಪ್ಪ ಇಲ್ಲಿ ಹೆಂಚು ಎಣಿಸುತ್ತಿದ್ದರು,
ನಾನು ಬೂರುಗದ ಹತ್ತಿ ತೂಗುತ್ತೇನೆ.
ಒಂದು ದಿಂಬಿಗೆ ಒಂದೂಕಾಲು ಕಿಲೋ,
ಕುತ್ತಿಗೆ ನೋವಿನವರಿಗೆ ಸ್ವಲ್ಪ ಕಡಿಮೆ.

ಎಲ್ಲರಿಗೂ ಈಗ ಫೋಮ್ ಬೇಕು.
ಆದರೂ ಬರುತ್ತಾರೆ ಕೆಲವರು,
ನಿದ್ದೆ ಬಾರದವರು,
ಯಾರದೋ ತಲೆಯ ಎಣ್ಣೆ ಕುಡಿದ ಹಳೇ ದಿಂಬನ್ನು ಬಗಲಲ್ಲಿಟ್ಟು
“ಇದನ್ನೇ ಬಿಚ್ಚಿ ಹೊಲಿಯಿರಿ” ಎನ್ನುವವರು.

ಸೋಮವಾರ ಡಾಕ್ಟರಮ್ಮ ಎಡಗಡೆ ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿದರು.
“ಗುರುವಾರ ರಿಪೋರ್ಟ್ ಬರಲಿ, ಕರುಣಾವತಿ.”

ಹತ್ತಿಯಲ್ಲಿ ಒಂದು ಬೀಜ ಉಳಿದರೂ
ನನ್ನ ಬೆರಳಿಗೆ ಗೊತ್ತಾಗುತ್ತದೆ, ಮೂವತ್ತು ವರ್ಷದ ಬೆರಳು.
ಇದು ಮಾತ್ರ ಯಾವಾಗ ಬಂದು ಕೂತಿತೋ.

ಎಲಿಯೇಜರರಿಗೆ ಹೇಳಲಿಲ್ಲ. ರಿಕ್ಷಾದ ಕಂತಿನ ವಾರ.
ಮೀನು ಹುರಿದೆ, ಉಪ್ಪು ಹೆಚ್ಚಾಯಿತು,
ಅವರು ಏನೂ ಹೇಳದೆ ಉಂಡರು; ಅದೂ ಒಂದು ಭಯವಾಯಿತು.

ಮಂಗಳವಾರ ರಾತ್ರಿ ಓದಿದ್ದು ಬಿರುಗಾಳಿಯ ಅಧ್ಯಾಯ.
ದೋಣಿಗೆ ನೀರು ನುಗ್ಗುತ್ತಿದೆ, ಹನ್ನೆರಡು ಗಂಡಸರು ಬೊಬ್ಬೆ ಹೊಡೆಯುತ್ತಿದ್ದಾರೆ,
ಆತ ಹಿಂದೆ, ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ.
ಭಾನುವಾರದ ಶಾಲೆಯಿಂದ ಕೇಳಿದ ಕತೆ.
ಚಿತ್ರದಲ್ಲಿ ಅಲೆ ನೋಡಿದ್ದೆ, ಗಡ್ಡ ನೋಡಿದ್ದೆ,
ದಿಂಬು ನೋಡಿರಲಿಲ್ಲ.
ದಿಂಬು ಹೊಲಿಯುವವಳು ನಾನೇ ನೋಡಿರಲಿಲ್ಲ!

ಬುಧವಾರ ಮನೆ ಪ್ರಾರ್ಥನೆ ಮುಗಿದು ಚಾ ಕುಡಿಯುವಾಗ
ಪಾದ್ರಿಗಳನ್ನು ಕೇಳಿದೆ: ಆ ದಿಂಬು ಯಾರದು?
ಅವರು ನಕ್ಕರು, ಒಳ್ಳೆಯ ಹುಡುಗ, ಹೊಸಬ.
“ಅದು ಮುಖ್ಯವಲ್ಲ ಅಮ್ಮಾ, ಗಾಳಿ ಆತನ ಮಾತು ಕೇಳಿತಲ್ಲ, ಅದು ಮುಖ್ಯ.”
ಇರಬಹುದು.
ಗಾಳಿ ಯಾರ ಮಾತನ್ನೂ ಕೇಳದ ದಿನಗಳೂ ಉಂಟಲ್ಲ.
ಬೋಳೂರಿನ ಲೇತಮ್ಮ ನನಗಿಂತ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು,
ಅವಳ ಗೋರಿಯ ಮೇಲೆ ಈಗ ನೆಲನೆಲ್ಲಿ.

ಯಾವಳೋ ಹೊಲಿದಿರಬೇಕು.
ಬೆಸ್ತನ ಹೆಂಡತಿ, ಹರಿದ ಬಟ್ಟೆ ತುರುಕಿ,
ಒಂದು ಮೂಲೆ ಸೊಟ್ಟ, ಮೀನಿನ ವಾಸನೆ.
ದೇವರ ತಲೆಗೆಂದಲ್ಲ,
ರಾತ್ರಿ ಹುಟ್ಟು ಹಾಕಿ ಬಳಲಿದ ಯಾವ ತಲೆಗಾದರೂ ಆಗಲಿ ಎಂದು.
ಆ ತಲೆ ಬಂದು ಒರಗಿತು.

ರಾತ್ರಿ ಹನ್ನೊಂದಕ್ಕೆ ಮದುಮಗಳ ಆರ್ಡರಿನ ಕಡೇ ದಿಂಬು.
ಮೂರು ಬದಿ ಹೊಲಿದು, ನಾಲ್ಕನೆಯದರಲ್ಲಿ ಕೈ ಹೋಗುವಷ್ಟು ಬಿಟ್ಟು
ತುಂಬುತ್ತಾ ತುಂಬುತ್ತಾ ನಾನೂ ಬೊಬ್ಬೆ ಹೊಡೆದೆ,
ಬಾಯಿ ತೆರೆಯದೆ:
ಏಳು. ನೀರು ಮೊಣಕಾಲಿಗೆ ಬಂತು. ನಿನಗೆ ಲೆಕ್ಕವೇ ಇಲ್ಲವಾ?
ಮಿಷಿನ್ ನಿಲ್ಲಿಸಿ ಕಿವಿಗೊಟ್ಟೆ.
ಕಾರ್ಖಾನೆಯ ಗೋಡೆಯಾಚೆ ಒಂದು ನಾಯಿ.
ದೂರದಲ್ಲಿ ಗೂಡ್ಸ್ ರೈಲು ಸೇತುವೆ ದಾಟುವ ಸದ್ದು.
ಆತ ಏಳಲಿಲ್ಲ.

ಎಬ್ಬಿಸುವುದನ್ನು ಅಲ್ಲಿಗೆ ಬಿಟ್ಟೆ.
ಯಾಕೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.
ದಾರ ಕಚ್ಚಿ ತುಂಡು ಮಾಡಿ, ದೀಪ ಆರಿಸಿ,
ಹತ್ತಿಯ ರಾಶಿಯ ಪಕ್ಕದಲ್ಲೇ ಮಲಗಿ,
“ಸ್ವಲ್ಪ ಆಚೆ ಸರಿ ಮಾರಾಯ,” ಎಂದೆ,
“ನನಗೂ ಜಾಗ ಬೇಕು.”

ಗಾಳಿ ನಿಲ್ಲಲಿಲ್ಲ.
ಗಡ್ಡೆ ಇದ್ದಲ್ಲೇ ಇತ್ತು, ದೋಣಿ ಹೊಯ್ದಾಡುತ್ತಲೇ ಇತ್ತು.
ನಾನು ನಿದ್ದೆ ಮಾಡಿದೆ,
ಮಗುವಿನ ಹಾಗೆ ಅಲ್ಲ, ದುಡಿದವಳ ಹಾಗೆ.

ಬೆಳಗ್ಗೆ ನೀರುದೋಸೆ ಹೊಯ್ಯುತ್ತಾ ಎಲಿಯೇಜರರಿಗೆ ಹೇಳಿದೆ.
ಅವರು ತಟ್ಟೆ ಬದಿಗಿಟ್ಟು, ರಿಕ್ಷಾದ ಸೀಟು ಒರೆಸಿದರು,
ಮತ್ತೊಮ್ಮೆ ಒರೆಸಿದರು.

ಹಂಪನಕಟ್ಟೆಯ ಲ್ಯಾಬಿನಲ್ಲಿ ಕೌಂಟರಿನ ಹುಡುಗಿ
ನನ್ನ ಹೆಸರನ್ನು ‘ಕರುಣಾಮತಿ’ ಎಂದು ಕೂಗಿ,
ಮುಖ ನೋಡಿ, ಯಾಕೋ ಸಣ್ಣದಾಗಿ ನಕ್ಕಳು.
ಕನ್ನಡಿ ಇತ್ತು ಗೋಡೆಯಲ್ಲಿ. ನೋಡಿದೆ:
ಎಡ ಕೆನ್ನೆಯ ಮೇಲೆ, ಕಿವಿಯಿಂದ ಬಾಯಿಯ ತನಕ,
ದಿಂಬಿನ ಹೊಲಿಗೆಯ ಗೆರೆ
ಇನ್ನೂ ಹಾಗೆಯೇ ಒತ್ತಿಕೊಂಡಿತ್ತು.
ಲಕೋಟೆಗೆ ಕೈ ಚಾಚಿದೆ.